ಅಡುಗೆಮನೆಯ ಬಾಗಿಲು ತೆರೆದಿಟ್ಟ ಮಯ್ಯರು

ಬಾಣಸಿಗರ ಮುಖವೇ ಬ್ರ್ಯಾಂಡ್ ಆಗಿರುವ ಕಾಲ ಇದು. ಗಾರ್ಡನ್ ರಾಮ್ಸೆ, ಜೇಮಿ ಆಲಿವರ್ ಟಿವಿಯಲ್ಲಿ ಅಡುಗೆ ಮಾಡ್ತಾರೆ. ಅವರ ಹೆಸರಲ್ಲಿ ದೇಶದೇಶಗಳಲ್ಲಿ ರೆಸ್ಟೋರೆಂಟ್ ನಡೆಯುತ್ತವೆ, ಪುಸ್ತಕ, ಪಾತ್ರೆ ಮಾರಾಟವಾಗುತ್ತವೆ. ನಾನಿರುವ ದೊಡ್ಡನೆಕ್ಕುಂದಿಯ ಪಿಜಿ ಹುಡುಗರಿಗೆ ಇವರೆಲ್ಲ ಗೊತ್ತು. ಅದೇ ಹುಡುಗರು ಅಂಗಡಿಯಿಂದ ತರುವ ಎಂಟಿಆರ್ ರವೆ ಇಡ್ಲಿ ಪ್ಯಾಕೆಟ್ಟಿನ ಹಿಂದೆಯೂ ಒಬ್ಬ ಬಾಣಸಿಗರಿದ್ದಾರೆ. ಹಳೇ ಬೆಂಗಳೂರಿಗೆಲ್ಲ ಪರಿಚಿತರಾಗಿದ್ದ ಯಜ್ಞನಾರಾಯಣ ಮಯ್ಯರು ಅವರು. ಪ್ಯಾಕೆಟ್ಟಿನ ಮೇಲೆ ಅವರ ಮುಖ ಇಲ್ಲ.

ಮಯ್ಯ ಸಹೋದರರು ಕರಾವಳಿಯ ಕೋಟ ಬಳಿಯ ಪಾರಂಪಳ್ಳಿಯವರು. ಕೈಯಲ್ಲಿದ್ದ ಬಂಡವಾಳ ಅಡುಗೆ ಒಂದೇ. ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಿ, 1924ರಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಒಂದು ಪುಟ್ಟ ಹೋಟೆಲ್ ಶುರು ಮಾಡಿದರು. ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಆ ಹೆಸರಿನಲ್ಲಿದ್ದ ಜಾತಿಯನ್ನು ನಾವು ನೋಡದ ಹಾಗೆ ಇರೋಕಾಗಲ್ಲ. ಆಗಿನ ಕಾಲಕ್ಕೆ ಯಾರು ಬೇಯಿಸಿದ್ದು ಅನ್ನೋದೇ ಶುಚಿಯ ಸರ್ಟಿಫಿಕೇಟ್ ಆಗಿತ್ತು.

ಮುಂದೆ ಹೋಟೆಲಿನ ಹೊಣೆ ಯಜ್ಞನಾರಾಯಣರ ಹೆಗಲಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಅಕ್ಕಿ ಬರೋದು ನಿಂತಾಗ, ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಮ್ಮ ಅಡುಗೆಮನೆಯೇ ಅನ್ನುತ್ತದೆ ಎಂಟಿಆರ್. ಬರಗಾಲದ ಆ ತಿಂಡಿ ಇವತ್ತು ಊರೂರಿನ ಮೆನುವಿನಲ್ಲಿದೆ.

ಅವರ ಬದುಕಿನ ತಿರುವು 1951ರ ಯುರೋಪ್ ಪ್ರವಾಸ. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡೋಕೆ ಹೋಗಿದ್ದರು. ವಾಪಸ್ ಬಂದವರು ವಿದೇಶಿ ತಿಂಡಿ ತರಲಿಲ್ಲ, ಶಿಸ್ತು ತಂದರು. ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ವ್ಯವಸ್ಥೆ ಬಂತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಒಳಗೆ ಹೋಗುವ ಪದ್ಧತಿ ಎಂಟಿಆರ್‌ನ ಗುರುತಾಯಿತು. 1960ರಲ್ಲಿ ಹಳೆ ಹೆಸರು ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಅಂತಾಯಿತು. ನನಗೆ ಇದು ಬರೀ ಬೋರ್ಡ್ ಬದಲಾದ ಕಥೆಯಲ್ಲ. ಜಾತಿ ಹೇಳಿ ನಂಬಿಸುವುದಕ್ಕೂ, ಒಲೆ ತೋರಿಸಿ ನಂಬಿಸುವುದಕ್ಕೂ ಅಜಗಜಾಂತರ ಇದೆ.

ಮಯ್ಯರು 1968ರಲ್ಲಿ ತೀರಿಕೊಂಡರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ನಿಗದಿ ಮಾಡಿತು. ಗುಣಮಟ್ಟ ಇಳಿಸಲು ಒಪ್ಪದ ಕುಟುಂಬ ಹೋಟೆಲ್ ಮುಚ್ಚಿತು. ಆದರೆ ಕೆಲಸಗಾರರು ಬೀದಿಗೆ ಬೀಳಬಾರದು ಅಂತ ಪುಡಿ, ರೆಡಿಮಿಕ್ಸ್ ತಯಾರಿಗೆ ಇಳಿಯಿತು. ಇದನ್ನು ಜೇಮಿ ಆಲಿವರ್ ಕಥೆಯ ಪಕ್ಕ ಇಟ್ಟು ನೋಡಿ. 2019ರಲ್ಲಿ ಬ್ರಿಟನ್ನಿನ ಅವರ ರೆಸ್ಟೋರೆಂಟ್ ಸರಣಿ ಮುಳುಗಿದಾಗ ಸುಮಾರು 1,000 ಜನ ಕೆಲಸ ಕಳೆದುಕೊಂಡರು. ಮುಖ ಉಳಿಯಿತು, ಕೈಗಳು ಹೋದವು.

ಹಾಗಂತ ಎಂಟಿಆರ್ ಕಥೆ ಪೂರಾ ಸಿಹಿಯೂ ಅಲ್ಲ. ಆ ರೆಡಿಮಿಕ್ಸ್ ವ್ಯಾಪಾರವೇ ಬೆಳೆದು ಬೊಮ್ಮಸಂದ್ರದ ಕಾರ್ಖಾನೆಯಾಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲುಗಳು ಮಾತ್ರ ಕುಟುಂಬದ ಕೈಯಲ್ಲೇ ಉಳಿದು ಸಿಂಗಪುರ, ದುಬೈ, ಲಂಡನ್ನಿನವರೆಗೂ ಹೋಗಿವೆ. ಹೆಸರು ಒಂದೇ, ಮಾಲೀಕರು ಇಬ್ಬರು. ಹೆಸರನ್ನು ಮಾರಬಹುದು, ಕೊಳ್ಳಬಹುದು. ಆ ತೆರೆದ ಬಾಗಿಲನ್ನು ಪ್ಯಾಕೆಟ್ಟಿಗೆ ತುಂಬಲಾಗದು.

ಇವತ್ತು ನಮ್ಮ ಏರಿಯಾದಲ್ಲಿ ರಾತ್ರಿ ಊಟ ಬರುವುದು ನಾವ್ಯಾರೂ ನೋಡದ ಕ್ಲೌಡ್ ಕಿಚನ್ನುಗಳಿಂದ. ಬೇಯಿಸೋರು ಯಾರು, ಎಷ್ಟು ಹೊತ್ತು ನಿಲ್ತಾರೆ, ಸಂಬಳ ಎಷ್ಟು, ಆ್ಯಪ್ ಹೇಳಲ್ಲ. ಸ್ಟಾರ್ ಕೊಡೋಕೆ ಮುಂಚೆ ಅಡುಗೆಮನೆ ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಎಪ್ಪತ್ತು ವರ್ಷದ ಹಿಂದೆ ಮಯ್ಯರು ಅದನ್ನು ಯಾರೂ ಕೇಳದೆಯೇ ತೋರಿಸಿದ್ದರು.