ಬಂಕಾಪುರದ ದಣ್ಣಾಯಕ, ಕಾಗಿನೆಲೆಯ ದಾಸ: ಕನಕದಾಸರ ಬದುಕಿನಲ್ಲಿ ದೈವಕರೆ ಮತ್ತು ನಂಬಿಕೆ

ಕನಕದಾಸರ ಬದುಕನ್ನು ನಿರೂಪಿಸುವವರು ಸಾಮಾನ್ಯವಾಗಿ ಒಂದು ಘಟನೆಯನ್ನು ಅದರ ಕೇಂದ್ರವಾಗಿ ಗ್ರಹಿಸುತ್ತಾರೆ. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಹೆಣಗಳ ನಡುವೆ ಬಿದ್ದಿದ್ದ ಬಂಕಾಪುರದ ನಾಯಕನು ಮೇಲೆದ್ದಾಗ ಹರಿದಾಸನಾಗಿದ್ದನೆಂಬುದೇ ಆ ಘಟನೆ. ಹರಿಕಥೆ, ನಾಟಕಗಳು ಹಾಗೂ ೧೯೬೦ರಲ್ಲಿ ತೆರೆಕಂಡ ‘ಭಕ್ತ ಕನಕದಾಸ’ ಚಲನಚಿತ್ರ ಕನಕದಾಸರ ಈ ಪರಿವರ್ತನೆಯ ಕಥೆಯನ್ನು ಜನಮನದಲ್ಲಿ ನೆಲೆಗೊಳಿಸಿವೆ. ಆದರೆ ಐತಿಹ್ಯವನ್ನೇ ಸಾವಧಾನದಿಂದ ಗಮನಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ಅಲ್ಲಿ ದೈವದ ಕರೆ ಒಮ್ಮೆಗೇ ಬಂದು ಒಮ್ಮೆಗೇ ಫಲಿಸುವುದಿಲ್ಲ. ಅದು ಮತ್ತೆ ಮತ್ತೆ ಬರುತ್ತದೆ. ನಾಯಕನು ಮತ್ತೆ ಮತ್ತೆ ಅದನ್ನು ನಿರಾಕರಿಸುತ್ತಾನೆ. ಈ ನಿರಾಕರಣೆ, ಕಾಯುವಿಕೆ ಮತ್ತು ಪರೀಕ್ಷೆಗಳ ದೀರ್ಘ ಅವಧಿಯನ್ನು ಗಮನದಲ್ಲಿರಿಸಿಕೊಂಡು ಕನಕದಾಸರ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕಥೋಲಿಕ ಕ್ರೈಸ್ತ ಪರಂಪರೆಯಲ್ಲಿ ಸನ್ಯಾಸ ಜೀವನಕ್ಕೆ ವ್ಯಕ್ತಿಯೊಬ್ಬನು ಕರೆಯಲ್ಪಡುವುದನ್ನು ದೈವಕರೆ ಎನ್ನುತ್ತಾರೆ. ಆ ಕರೆ ನಿಜವಾಗಿ ದೇವರದೋ ತನ್ನದೇ ಬಯಕೆಯ ಪ್ರತಿಧ್ವನಿಯೋ ಎಂಬುದನ್ನು ತಾಳ್ಮೆಯಿಂದ ಅರಿಯುವ ಕ್ರಮವೊಂದು ಆ ಪರಂಪರೆಯಲ್ಲಿ ಬೆಳೆದುಬಂದಿದೆ. ಹರಿದಾಸ ಪರಂಪರೆಯಲ್ಲಿ ಇಂತಹ ಶಾಸ್ತ್ರೀಯ ಪರಿಭಾಷೆ ಇಲ್ಲದಿದ್ದರೂ ಆ ಅನುಭವಕ್ಕೆ ಕನಕದಾಸರ ಬದುಕು ಸಮರ್ಥ ನಿದರ್ಶನವಾಗಿದೆ.

ನೆಲದ ಹಿನ್ನೆಲೆ

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರವು ರಾಷ್ಟ್ರಕೂಟರ ಸಾಮಂತನಾದ ಬಂಕೆಯನ ಹೆಸರನ್ನು ಹೊತ್ತ ಊರು. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಅದು ಜೈನವಿದ್ಯೆಯ ಕೇಂದ್ರವಾಗಿತ್ತು. ಗಂಗ ದೊರೆ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತೊರೆದು, ಸು. ೯೭೪ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ್ದು ಈ ಬಂಕಾಪುರದಲ್ಲಿಯೇ. ಶ್ರವಣಬೆಳಗೊಳದ ಶಾಸನ ಈ ಸಂಗತಿಯನ್ನು ದಾಖಲಿಸಿದೆ. ಹೀಗೆ ಅಧಿಕಾರವನ್ನು ಇಳಿಸಿಟ್ಟು ನಡೆದವರ ನೆನಪು ಕನಕದಾಸರಿಗಿಂತ ಐದಾರು ಶತಮಾನಗಳ ಹಿಂದೆಯೇ ಈ ನೆಲದಲ್ಲಿ ಮೂಡಿತ್ತು. ಆದರೆ ಎರಡು ತ್ಯಾಗಗಳ ನಡುವೆ ತಾತ್ತ್ವಿಕವಾದ ಅಂತರವಿದೆ. ಜೈನ ಸಾಧಕನು ತನ್ನ ಕರ್ಮಕ್ಷಯವನ್ನು ಸ್ವಂತ ತಪಸ್ಸಿನಿಂದ ಸಾಧಿಸಬೇಕಾದವನು. ಅವನ ದರ್ಶನದಲ್ಲಿ ಕರೆಯುವ ದೇವರಿಲ್ಲ. ಹರಿದಾಸನಾದರೋ ಕರೆದವನ ಮೇಲೆ ಭಾರ ಹಾಕಿ ಹೊರಡಬೇಕಾದವನು. ಆದುದರಿಂದ ನಂಬಿಕೆಯ ಪ್ರಶ್ನೆ ಕನಕದಾಸರ ವಿಷಯದಲ್ಲಿ ಮುನ್ನೆಲೆಗೆ ಬರುತ್ತದೆ.

ಬಂಕಾಪುರಕ್ಕೆ ಸಮೀಪದ ಬಾಡ ಗ್ರಾಮ ಕನಕದಾಸರ ಜನ್ಮಸ್ಥಳ. ಕುರುಬ ಸಮುದಾಯಕ್ಕೆ ಸೇರಿದ ಬೀರಪ್ಪ ಮತ್ತು ಬಚ್ಚಮ್ಮ ಅವರ ತಂದೆತಾಯಿಗಳು. ತಿಮ್ಮಪ್ಪನೆಂಬುದು ಅವರ ಮೊದಲ ಹೆಸರು. ಅವರ ಕಾಲದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಅವರು ಹದಿನಾರನೆಯ ಶತಮಾನದಲ್ಲಿ ಬಾಳಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿದೆ. ವಿಜಯನಗರದ ಅಧೀನದಲ್ಲಿ ಬಂಕಾಪುರ ಪ್ರಾಂತದ ನಾಯಕತ್ವ ಅವರ ಮನೆತನಕ್ಕೆ ಸೇರಿತ್ತು. ನೆಲವನ್ನು ಅಗೆಯುವಾಗ ದೊರೆತ ಹೊನ್ನನ್ನು ತನಗಾಗಿ ಇಟ್ಟುಕೊಳ್ಳದೆ ಲೋಕೋಪಕಾರಕ್ಕೆ ವಿನಿಯೋಗಿಸಿದ್ದರಿಂದ ತಿಮ್ಮಪ್ಪ ನಾಯಕನು ಕನಕ ನಾಯಕನಾದನೆಂದು ಐತಿಹ್ಯ ಹೇಳುತ್ತದೆ. ಅಂದರೆ ದಾಸನಾಗುವ ಮೊದಲೇ ಆತ ದಾನಿಯಾಗಿದ್ದ. ಸಂಪತ್ತನ್ನು ಬಿಡುವುದು ಆತನಿಗೆ ಕಷ್ಟವಾಗಲಿಲ್ಲ. ಕಷ್ಟವಾದುದು ಬೇರೆ.

ನಿರಾಕರಣೆಯ ಅರ್ಥ

ಆದಿಕೇಶವನು ಕನಸಿನಲ್ಲಿ ಕಾಣಿಸಿಕೊಂಡು ತನ್ನ ದಾಸನಾಗೆಂದು ನಾಯಕನನ್ನು ಕೇಳಿದನೆಂಬುದು ಪ್ರಸಿದ್ಧ ಕಥೆ. ದಾಸನಾಗಿ ಮನೆಮನೆಯ ಮುಂದೆ ನಿಂತು ಬೇಡುವುದು ತನಗೆ ಒಗ್ಗದು, ತಾನು ನಾಯಕನಾಗಿಯೇ ಇರಬಲ್ಲೆನೆಂದು ಆತ ಉತ್ತರಿಸಿದ. ಮುಂದೆ ಸಾವುಗಳು ಮನೆಯನ್ನು ಬರಿದುಮಾಡಿದವು. ಆಗಲೂ ಆತನ ಉತ್ತರ ಬದಲಾಗಲಿಲ್ಲ. ಕೊನೆಗೆ ಯುದ್ಧದ ಸೋಲು ಮತ್ತು ದೇಹದ ಗಾಯಗಳ ನಂತರ ಅದೇ ಪ್ರಶ್ನೆ ಎದುರಾದಾಗ ಆತ ಒಪ್ಪಿದ.

ಈ ಕಥೆಯನ್ನು ದೇವರು ಭಕ್ತನನ್ನು ಪೆಟ್ಟು ಕೊಟ್ಟು ಮಣಿಸಿದ ಕಥೆಯೆಂದು ಓದುವುದು ಸುಲಭ. ಆದರೆ ಅಂತಹ ಓದು ಕಥೆಯ ಮುಖ್ಯಾಂಶವನ್ನು ತಪ್ಪಿಸಿಬಿಡುತ್ತದೆ. ಪ್ರತಿಸಲವೂ ನಾಯಕನನ್ನು ಕೇಳಲಾಗುತ್ತದೆ, ಆಜ್ಞಾಪಿಸುವುದಿಲ್ಲ. ಆತನ ನಿರಾಕರಣೆಯಲ್ಲಿಯೂ ಕಪಟವಿಲ್ಲ. ಬೇಡುವ ಬದುಕಿನ ಅವಮಾನ ಏನೆಂಬುದನ್ನು ಆತ ಸ್ಪಷ್ಟವಾಗಿ ಬಲ್ಲ. ಹೊನ್ನನ್ನು ಹಂಚುವಾಗ ಕೊಡುವವನ ಕೈ ಮೇಲಿರುತ್ತದೆ. ದಾಸನ ಕೈ ಕೆಳಗಿರಬೇಕು. ಆತ ಬಿಡಲಾರದೆ ಹೋದದ್ದು ಈ ಮೇಲುಗೈಯನ್ನು. ತನ್ನಿಂದಾಗದೆಂಬುದನ್ನು ದೇವರಿಗೆ ನೇರವಾಗಿ ಹೇಳಬಲ್ಲವನ ನಿರಾಕರಣೆ ನಂಬಿಕೆಯ ಅಭಾವವಲ್ಲ. ಅದು ನಂಬಿಕೆಯ ಮೊದಲ ಸಂವಾದ.

ಇದೇ ಶತಮಾನದಲ್ಲಿ ದೂರದ ಸ್ಪೇನಿನಲ್ಲಿ ನಡೆದ ಇನ್ನೊಂದು ಬದುಕನ್ನು ಇಲ್ಲಿ ನೆನೆಯಬಹುದು. ಬಾಸ್ಕ್ ಮನೆತನದ ಯೋಧನಾದ ಲೊಯೊಲಾದ ಇಗ್ನೇಷಿಯಸ್ ೧೫೨೧ರಲ್ಲಿ ಪಾಂಪ್ಲೋನಾ ಕೋಟೆಯ ರಕ್ಷಣೆಯಲ್ಲಿ ಫಿರಂಗಿ ಗುಂಡಿನಿಂದ ಕಾಲಿಗೆ ಪೆಟ್ಟು ತಿಂದ. ಹಾಸಿಗೆ ಹಿಡಿದಿದ್ದಾಗ ಕ್ರಿಸ್ತನ ಮತ್ತು ಸಂತರ ಚರಿತ್ರೆಗಳನ್ನು ಓದಿದ. ಶೌರ್ಯ ಮತ್ತು ಕೀರ್ತಿಯ ಕನಸುಗಳು ಆ ಹೊತ್ತಿಗೆ ಹಿತವೆನಿಸಿ ಬಳಿಕ ಮನಸ್ಸನ್ನು ಬರಡಾಗಿಸುತ್ತಿದ್ದವು. ಸಂತರಂತೆ ಬಾಳುವ ಆಲೋಚನೆ ಮುಗಿದ ಮೇಲೂ ಸಮಾಧಾನವನ್ನು ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸುವುದೇ ಆತನ ವಿವೇಚನಾ ಕ್ರಮಕ್ಕೆ ತಳಹದಿಯಾಯಿತು. ೧೫೨೨ರಲ್ಲಿ ಮೊಂತ್ಸೆರಾತಿನ ಮಾತೆ ಮರಿಯಳ ಬಲಿಪೀಠದೆದುರು ಖಡ್ಗವನ್ನು ಒಪ್ಪಿಸಿದರೂ ಆತ ಸ್ಥಾಪಿಸಿದ ಯೇಸುಸಭೆಗೆ ಪೋಪರ ಮನ್ನಣೆ ದೊರೆತದ್ದು ೧೫೪೦ರಲ್ಲಿ. ಗಾಯವು ಕ್ಷಣದ್ದಾದರೂ ಕರೆಯ ಅರ್ಥ ಸ್ಪಷ್ಟವಾಗಲು ಹತ್ತೊಂಬತ್ತು ವರ್ಷಗಳು ಬೇಕಾದವು. ಈ ಇಬ್ಬರ ನಡುವೆ ಯಾವುದೇ ಪ್ರಭಾವ ಸಂಬಂಧವನ್ನು ಇಲ್ಲಿ ಸೂಚಿಸುತ್ತಿಲ್ಲ. ಯೋಧನಾದವನು ತನ್ನ ಬಲವು ಕುಸಿದಾಗ ಮಾತ್ರ ಕೇಳಿಸಿಕೊಳ್ಳಬಲ್ಲ ದನಿಯೊಂದಿದೆಯೆಂಬ ಸಾಮ್ಯ ಗಮನಾರ್ಹವಾಗಿದೆ.

ಕಾಲದ ಪರೀಕ್ಷೆ

ಕನಕದಾಸರ ಕೃತಿಗಳೂ ಈ ದೀರ್ಘ ಪರಿವರ್ತನೆಗೆ ಸಾಕ್ಷ್ಯ ನುಡಿಯುತ್ತವೆ. ನಲವತ್ತೆರಡು ಸಂಧಿಗಳ ಸಾಂಗತ್ಯ ಕಾವ್ಯ ‘ಮೋಹನತರಂಗಿಣಿ’ಯಲ್ಲಿ ಕೃಷ್ಣನ ದ್ವಾರಕೆಯು ವಿಜಯನಗರದ ವೈಭವವನ್ನು ಹೊತ್ತು ನಿಂತಿದೆ. ಪೇಟೆ, ಅರಮನೆ, ಶೃಂಗಾರ, ಯುದ್ಧಗಳನ್ನು ಬಲ್ಲವನ ಕಣ್ಣು ಅಲ್ಲಿ ಕೆಲಸ ಮಾಡಿದೆ. ‘ಹರಿಭಕ್ತಿಸಾರ’ದಲ್ಲಿ ಆ ವೈಭವವೆಲ್ಲ ಹಿಂದೆ ಸರಿದು, ಭಾಮಿನಿ ಷಟ್ಪದಿಯ ನೂರಕ್ಕೂ ಮಿಕ್ಕ ಪದ್ಯಗಳು ಎಡೆಬಿಡದೆ ಕಾಯಬೇಕೆಂಬ ಮೊರೆಯಲ್ಲಿ ಮತ್ತೆ ಮತ್ತೆ ಮುಗಿಯುತ್ತವೆ. ಆ ಮೊರೆ ಒಬ್ಬನಿಗಾಗಿ ಅಲ್ಲ. ಅಲ್ಲಿ ಬಳಕೆಯಾಗಿರುವುದು ಬಹುವಚನ. ಬಂಕಾಪುರದ ಜನರನ್ನು ಕಾಯುವ ಹೊಣೆ ಹೊತ್ತಿದ್ದ ನಾಯಕನು ಈಗ ಅವರೊಂದಿಗೆ ನಿಂತು ತಾನೂ ಕಾಯಲ್ಪಡಬೇಕಾದವನೆಂದು ಒಪ್ಪಿಕೊಂಡಂತೆ ತೋರುತ್ತದೆ.

‘ರಾಮಧಾನ್ಯಚರಿತೆ’ಯನ್ನು ಸಾಮಾಜಿಕ ತಾರತಮ್ಯದ ವಿಡಂಬನೆಯಾಗಿ ವಿಮರ್ಶಕರು ವಿವೇಚಿಸಿದ್ದಾರೆ. ಆ ಓದು ಯುಕ್ತವಾದುದೇ. ಜೊತೆಗೆ ಅದು ಪರೀಕ್ಷೆಯ ಕಾವ್ಯವೂ ಹೌದು. ಭತ್ತ ಮತ್ತು ರಾಗಿ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಕ್ಕಿಳಿದಾಗ ಶ್ರೀರಾಮನು ಒಡನೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಹುಟ್ಟಿನ ಹಿರಿಮೆ, ವಾದದ ಬಿರುಸು ಇವಾವುವೂ ಇಲ್ಲಿ ನಿರ್ಣಾಯಕವಲ್ಲ. ಕತ್ತಲಲ್ಲಿ ಕಾದು ಕೆಡದಿರುವ ಗುಣವೇ ನಿರ್ಣಾಯಕ. ಕಥೋಲಿಕ ಸನ್ಯಾಸ ಸಭೆಗಳಲ್ಲಿಯೂ ವ್ರತ ಸ್ವೀಕಾರಕ್ಕೆ ಮೊದಲು ಹನ್ನೆರಡು ತಿಂಗಳಿಗೆ ಕಡಿಮೆಯಿಲ್ಲದ ಪರೀಕ್ಷಾವಧಿಯನ್ನು ಸಭೆಯ ಶಾಸನ ವಿಧಿಸಿದೆ. ಕರೆಯ ಸತ್ಯವನ್ನು ಉತ್ಸಾಹವಲ್ಲ, ಕಾಲವು ಹೇಳುತ್ತದೆಂಬ ಅರಿವು ಎರಡು ಕಡೆಗಳಲ್ಲಿಯೂ ಇದೆ.

ಗುರು ಮತ್ತು ಬಾಗಿಲು

ಕರೆಯನ್ನು ಒಬ್ಬನೇ ನಿರ್ಣಯಿಸಿಕೊಳ್ಳಲಾಗದು. ಅದನ್ನು ಗುರುತಿಸುವ ಗುರು ಬೇಕು. ಕನಕದಾಸರಿಗೆ ಅಂತಹ ಗುರುವಾಗಿ ಒದಗಿದವರು ೧೫೩೯ರಲ್ಲಿ ಕಾಲವಾದ ವ್ಯಾಸರಾಯರು. ಯಾರೂ ಕಾಣದೆಡೆಯಲ್ಲಿ ಬಾಳೆಹಣ್ಣನ್ನು ತಿನ್ನಬೇಕೆಂದು ಗುರು ಶಿಷ್ಯರಿಗೆ ಹೇಳಿದಾಗ, ದೇವರಿಲ್ಲದ ಎಡೆ ಕಾಣದೆ ಹಣ್ಣನ್ನು ಹಾಗೆಯೇ ಮರಳಿ ತಂದವರು ಕನಕದಾಸರೊಬ್ಬರೇ ಎಂಬ ಕಥೆ ನಾಡಿನ ಮಕ್ಕಳಿಗೆಲ್ಲ ಗೊತ್ತು. ವೈಕುಂಠಕ್ಕೆ ಹೋಗುವವರಾರೆಂಬ ಪ್ರಶ್ನೆಗೆ, ನಾನೆಂಬುದು ಹೋದರೆ ತಾನು ಹೋಗಬಹುದೆಂದು ಅವರು ಸೂಚಿಸಿದ ಕಥೆಯೂ ಅಷ್ಟೇ ಪ್ರಸಿದ್ಧ. ನಾಯಕನಾಗಿದ್ದಾಗ ಕಾಡಿದ ಮೇಲುಗೈಯ ಪ್ರಶ್ನೆ ಇಲ್ಲಿ ತನ್ನ ಉತ್ತರವನ್ನು ಕಂಡಿದೆ. ವ್ಯಾಸರಾಯರು ಕನಕದಾಸರ ಮೇಲೆ ತೋರಿದ ಕೃಪೆಯನ್ನು ಮಠದವರು ಸಹಿಸದೆ ದೂರುತ್ತಿದ್ದರೆಂಬುದನ್ನು ಪುರಂದರದಾಸರ ಕೀರ್ತನೆಯೊಂದು ತಿಳಿಸುತ್ತದೆ.

ಕಥೋಲಿಕ ಪರಂಪರೆಗೂ ಕನಕದಾಸರ ಬದುಕಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಕಾಣುತ್ತದೆ. ಇಗ್ನೇಷಿಯಸ್ ವಿಚಾರಣೆಗಳಿಗೆ ಒಳಗಾದರೂ ಕೊನೆಗೆ ಅವರ ಕರೆಗೆ ಧರ್ಮಸಭೆಯ ಮುದ್ರೆ ಬಿದ್ದಿತು. ಕನಕದಾಸರಿಗೆ ಗುರು ಒಪ್ಪಿದರೂ ವ್ಯವಸ್ಥೆ ಒಪ್ಪಲಿಲ್ಲ. ಉಡುಪಿಯ ಕೃಷ್ಣದೇಗುಲದಲ್ಲಿ ಅವರಿಗೆ ಪ್ರವೇಶ ದೊರೆಯಲಿಲ್ಲವೆಂದೂ ಹೊರಗೆ ನಿಂತು ಹಾಡಿದಾಗ ಗೋಡೆ ಬಿರಿದು ಮೂರ್ತಿ ಅವರತ್ತ ತಿರುಗಿತೆಂದೂ ಐತಿಹ್ಯವಿದೆ. ಕನಕನ ಕಿಂಡಿ ಅದರ ಕುರುಹಾಗಿ ನಿಂತಿದೆ. ಪವಾಡದ ಅಂಶವನ್ನು ಬದಿಗಿರಿಸಿದರೂ ಕಥೆಯ ತಿರುಳು ಉಳಿಯುತ್ತದೆ. ಮುಚ್ಚಿದ ಬಾಗಿಲನ್ನು ಅವರು ದೇವರ ಉತ್ತರವೆಂದು ಭಾವಿಸಲಿಲ್ಲ. ಕರೆದವನು ಒಳಗಿದ್ದಾನೆ, ತಡೆದವರು ಬೇರೆಯವರು ಎಂಬ ವಿವೇಚನೆ ಅವರಲ್ಲಿತ್ತು. ದೈವಕರೆಯ ವಿವೇಚನೆಯಲ್ಲಿ ಇದಕ್ಕಿಂತ ಕಠಿಣವಾದ ಘಟ್ಟ ಇನ್ನೊಂದಿರಲಾರದು. ಸಂಸ್ಥೆಯ ನಿರಾಕರಣೆಯನ್ನು ದೈವದ ನಿರಾಕರಣೆಯೆಂದು ತಿಳಿದವನು ಹತಾಶನಾಗುತ್ತಾನೆ; ಸಂಸ್ಥೆಯನ್ನು ಸಂಪೂರ್ಣ ಧಿಕ್ಕರಿಸಿದವನು ಒಂಟಿಯಾಗುತ್ತಾನೆ. ಕನಕದಾಸರು ಕುಲದ ಹೆಮ್ಮೆಯನ್ನು ಕಟುವಾಗಿ ಪ್ರಶ್ನಿಸುತ್ತಲೇ ಹಾಡುವುದನ್ನು ಮುಂದುವರಿಸಿದರು.

ತಲ್ಲಣದ ನಡುವಿನ ನಂಬಿಕೆ

ಲೋಕದ ವೃತ್ತಿಗಳೆಲ್ಲ, ವೇಷ ತೊಟ್ಟ ವಿರಕ್ತಿಯೂ ಸೇರಿ, ಹೊಟ್ಟೆಪಾಡಿಗಾಗಿಯೇ ನಡೆಯುತ್ತವೆಂದು ಕೀರ್ತನೆಯೊಂದರಲ್ಲಿ ಅವರು ನಿಷ್ಠುರವಾಗಿ ತೋರಿಸುತ್ತಾರೆ. ತ್ಯಾಗದ ಹೆಸರಿನಲ್ಲಿ ಅನ್ನದ ದಾರಿ ಹುಡುಕುವ ಅಪಾಯವನ್ನು ಅವರು ಬಲ್ಲವರಾಗಿದ್ದರು. ಹಾಗಾದರೆ ಎಲ್ಲವನ್ನೂ ಬಿಟ್ಟವನ ಹೊಟ್ಟೆಯ ಗತಿಯೇನು? ತಲ್ಲಣಗೊಂಡ ಮನಸ್ಸನ್ನು ಸಂತೈಸುವ ಅವರ ಸುಪ್ರಸಿದ್ಧ ಕೀರ್ತನೆ ಇದಕ್ಕೆ ಉತ್ತರಿಸುತ್ತದೆ. ಬೆಟ್ಟದ ನೆತ್ತಿಯ ಮರ, ಕಾಡಿನ ಪ್ರಾಣಿಪಕ್ಷಿಗಳು, ನವಿಲಿನ ಬಣ್ಣ, ಗಿಳಿಯ ಹಸಿರು, ಕಲ್ಲಿನೊಳಗಿನ ಕಪ್ಪೆ ಇವೆಲ್ಲವನ್ನೂ ಸಲಹಿದವನು ನಿನ್ನನ್ನು ಕೈಬಿಡನೆಂಬುದು ಅದರ ಆಶಯ. ಮತ್ತಾಯನ ಶುಭಸಂದೇಶದ ಪರ್ವತಪ್ರಸಂಗದಲ್ಲಿ ಬಿತ್ತದ ಹಕ್ಕಿಗಳೂ ನೂಲದ ಹೂಗಳೂ ಇದೇ ಕೆಲಸವನ್ನು ಮಾಡುತ್ತವೆ. ಎರಡೂ ಕಡೆ ಮಾತು ಚಿಂತೆಯಿಲ್ಲದವರಿಗೆ ಹೇಳಿದ್ದಲ್ಲ. ಕನಕದಾಸರ ಕೀರ್ತನೆಯಂತೂ ಹಾಡುಗಾರನು ತನ್ನ ಮನಸ್ಸಿಗೇ ಹೇಳಿಕೊಂಡದ್ದು. ತಲ್ಲಣವಿಲ್ಲದ ಮನಸ್ಸಿಗೆ ಸಾಂತ್ವನದ ಅಗತ್ಯವಿರುವುದಿಲ್ಲ. ದಾಸದೀಕ್ಷೆಯ ಅನಂತರವೂ ತಲ್ಲಣ ಉಳಿದಿತ್ತೆಂಬುದಕ್ಕೆ ಆ ಕೀರ್ತನೆಯೇ ಸಾಕ್ಷಿ.

ಆದುದರಿಂದ ಕನಕದಾಸರ ಬದುಕಿನಲ್ಲಿ ನಂಬಿಕೆಯೆಂಬುದು ಸಂದೇಹವೆಲ್ಲ ಕಳೆದ ಮೇಲೆ ದೊರೆತ ನಿಶ್ಚಿಂತೆಯಲ್ಲ. ನಿರಾಕರಿಸುವಾಗ ಪ್ರಾಮಾಣಿಕನಾಗಿರಲು, ಕಾಯುವಾಗ ಕೆಡದಿರಲು, ಗುರುವಿನ ಪರೀಕ್ಷೆಗೆ ಒಡ್ಡಿಕೊಳ್ಳಲು, ಬಾಗಿಲು ಮುಚ್ಚಿದಾಗಲೂ ಹಾಡಲು ಅವರಿಗೆ ಶಕ್ತಿಯಿತ್ತದ್ದು ಆ ನಂಬಿಕೆ. ವಿವೇಚನೆ ಮತ್ತು ನಂಬಿಕೆ ಪರಸ್ಪರ ವಿರುದ್ಧವೆಂಬ ಭಾವನೆಯನ್ನು ಈ ಬದುಕು ತಿದ್ದುತ್ತದೆ. ನಂಬಿದವನಿಗೆ ಅವಸರವಿಲ್ಲದಿರುವುದರಿಂದ ಅವನು ಪರೀಕ್ಷಿಸಬಲ್ಲ. ಬಂಕಾಪುರದ ಕೋಟೆಯಿಂದ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗಿರುವ ದಾರಿ ಹೆಚ್ಚು ದೂರದ್ದಲ್ಲ. ನಾಯಕನೊಬ್ಬನಿಗೆ ಅದನ್ನು ಕ್ರಮಿಸಲು ಅರ್ಧ ಆಯುಷ್ಯವೇ ಬೇಕಾಯಿತೆಂಬುದನ್ನು ಗಮನಿಸಿದಾಗ, ರಣರಂಗದ ಒಂದು ಕ್ಷಣಕ್ಕೆ ಅವರ ಬದುಕನ್ನು ಸೀಮಿತಗೊಳಿಸುವುದು ಉಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.