ಪುಸ್ತಕಗಳನ್ನು ಒರೆಗೆ ಹಚ್ಚಿದ ವಿಲಿಯಂ ಫ್ರೀಡ್‌ಮನ್

ಕಳೆದ ವರ್ಷ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಗೂಢಲಿಪಿ ಮತ್ತು ಕಂಪ್ಯೂಟರ್ ಭದ್ರತೆಯನ್ನು ಕುರಿತ ಕೆಲವು ಪುಸ್ತಕಗಳನ್ನು ಕೊಳ್ಳಬೇಕೆಂದು ನಿಶ್ಚಯವಾದಾಗ, ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಣ ಸ್ವಲ್ಪ, ಆಸೆ ದೊಡ್ಡದು. ಮೂವತ್ತೇ ದಿನಗಳಲ್ಲಿ ಸಕಲ ವಿದ್ಯೆಯನ್ನೂ ಕಲಿಸುವೆನೆಂದು ಸಾರುತ್ತಿದ್ದ ಒಂದು ದಪ್ಪ ಹೊತ್ತಗೆಯ ಹೊದಿಕೆಗೆ ಮರುಳಾಗಿ, ಹಾಸ್ಟೆಲಿನ ಖರ್ಚಿನಲ್ಲಿ ಉಳಿಸಿದ್ದ ಹಣದಿಂದ ಅದನ್ನು ತರಿಸಿ ನಮ್ಮ ಉಪನ್ಯಾಸಕರಿಗೆ ತೋರಿಸಿದೆ. ಅವರು ಪುಟಗಳನ್ನು ತಿರುವಿಹಾಕಿ, ಇದನ್ನು ಮುಚ್ಚಿಟ್ಟ ಮೇಲೆ ನಿನ್ನ ಸ್ವಂತ ಬುದ್ಧಿಯಿಂದ ಏನು ಮಾಡಬಲ್ಲೆ ಎಂದು ಕೇಳಿದರು. ನಾನು ನಿರುತ್ತರನಾದೆ. ಇಂಥ ಗುಂಡಿ ಒತ್ತು, ಅಂಥ ಗುಂಡಿ ಒತ್ತು ಎಂಬುದರ ಹೊರತು ಅದರಲ್ಲಿ ಬೇರೇನೂ ಇರಲಿಲ್ಲ. ಪಟ್ಟಿಯನ್ನು ಮತ್ತೆ ಮಾಡುವ ಮೊದಲು ವಿಲಿಯಂ ಫ್ರೀಡ್‌ಮನ್ನರ ಜೀವನವನ್ನು ಓದಿಕೊಂಡು ಬಾ ಎಂದು ಅವರು ಆಜ್ಞಾಪಿಸಿದರು. ಹಾಗೆ ಓದಿ ತಿಳಿದುದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಫ್ರೀಡ್‌ಮನ್ನರು ಹುಟ್ಟಿದ್ದು 1891ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕಿಶಿನೇವ್ ಪಟ್ಟಣದ ಒಂದು ಯಹೂದ್ಯ ಮನೆತನದಲ್ಲಿ. ಅವರು ಹಸುಗೂಸಾಗಿದ್ದಾಗಲೇ ಮನೆಯವರು ಅಮೆರಿಕಕ್ಕೆ ವಲಸೆ ಹೋದರು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವರು ಕಲಿತದ್ದು ಅನುವಂಶಶಾಸ್ತ್ರ. ಗೂಢಲಿಪಿಯ ಗಂಧವೂ ಅವರಿಗಿರಲಿಲ್ಲ. 1915ರಲ್ಲಿ ಇಲಿನಾಯ್ ಸಂಸ್ಥಾನದ ರಿವರ್‌ಬ್ಯಾಂಕ್ ಎಂಬ ಎಸ್ಟೇಟಿಗೆ, ಜಾರ್ಜ್ ಫೇಬಿಯನ್ ಎಂಬ ಶ್ರೀಮಂತ ಬಟ್ಟೆ ವ್ಯಾಪಾರಿಯ ಕೈಕೆಳಗೆ, ಬೆಳೆಗಳ ತಳಿಯ ಪ್ರಯೋಗಕ್ಕೆಂದು ಅವರು ನೇಮಕವಾದರು.

ಅದೇ ಎಸ್ಟೇಟಿನಲ್ಲಿ ಎಲಿಜಬೆತ್ ವೆಲ್ಸ್ ಗ್ಯಾಲಪ್ ಎಂಬ ವಿದುಷಿ ಇನ್ನೊಂದು ಶೋಧನೆಯಲ್ಲಿ ತೊಡಗಿದ್ದಳು. ಷೇಕ್ಸ್‌ಪಿಯರನ ನಾಟಕಗಳನ್ನು ಬರೆದವನು ಫ್ರಾನ್ಸಿಸ್ ಬೇಕನ್. 1623ರಲ್ಲಿ ಅಚ್ಚಾದ ನಾಟಕಸಂಪುಟದಲ್ಲಿ ಎರಡು ಬಗೆಯ ಓರೆ ಮೊಳೆಗಳನ್ನು ಐದೈದರಂತೆ ಜೋಡಿಸಿ ಅವನು ತನ್ನ ಗುಟ್ಟನ್ನು ಹುದುಗಿಸಿದ್ದಾನೆ ಎಂಬುದು ಆಕೆಯ ವಾದ. ಈ ಕುರಿತು ಆಕೆ ಪುಸ್ತಕಗಳನ್ನೂ ಪ್ರಕಟಿಸಿದ್ದಳು. ಅಕ್ಷರಗಳ ಛಾಯಾಚಿತ್ರಗಳನ್ನು ಹಿಗ್ಗಿಸಿ ಕೊಡುವ ಕೆಲಸ ಫ್ರೀಡ್‌ಮನ್ನರಿಗೆ ಬಿತ್ತು. 1916ರಲ್ಲಿ ಅದೇ ಕೆಲಸಕ್ಕೆ ಎಲಿಜಬೆತ್ ಸ್ಮಿತ್ ಎಂಬ ತರುಣಿ ಬಂದು ಸೇರಿದಳು. ಆ ಪುಸ್ತಕದ ನಿಯಮಗಳನ್ನು ಹಿಡಿದು ಇವರಿಬ್ಬರೂ ಎಷ್ಟು ಶ್ರಮಿಸಿದರೂ ಗ್ಯಾಲಪ್‌ಗೆ ಕಂಡ ವಾಕ್ಯಗಳು ಇವರಿಗೆ ಕಾಣಲಿಲ್ಲ. ಆಕೆ ಮೋಸಗಾತಿಯಲ್ಲ, ತಾನು ಕಾಣಬಯಸಿದ್ದನ್ನೇ ಕಾಣುತ್ತಿದ್ದಳು, ಅಷ್ಟೇ. ಈ ಶಂಕೆಯೇ ಇಬ್ಬರನ್ನೂ ನಿಜವಾದ ಗೂಢಲಿಪಿ ಶಾಸ್ತ್ರದ ಕಡೆಗೆ ತಿರುಗಿಸಿತು. 1917ರಲ್ಲಿ ಅವರು ದಂಪತಿಗಳಾದರು.

ಆ ವೇಳೆಗೆ ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು. ಸರ್ಕಾರದ ಗೂಢಪತ್ರಗಳು ರಿವರ್‌ಬ್ಯಾಂಕಿಗೆ ಬರತೊಡಗಿದವು. ನಮ್ಮ ದೇಶದ ಸ್ವಾತಂತ್ರ್ಯಕ್ಕಾಗಿ ಜರ್ಮನಿಯ ನೆರವಿನಿಂದ ಅಮೆರಿಕದಲ್ಲಿ ಸಂಚು ಹೂಡಿದ್ದ ಭಾರತೀಯ ಕ್ರಾಂತಿಕಾರಿಗಳ ಪತ್ರಗಳೂ ಅವುಗಳಲ್ಲಿದ್ದವು. ಒಂದು ಅಚ್ಚಾದ ಪುಸ್ತಕವನ್ನೇ ಕೀಲಿಯಾಗಿಟ್ಟುಕೊಂಡು, ಅದರಲ್ಲಿನ ಸ್ಥಾನಗಳನ್ನು ಅಂಕಿಗಳಿಂದ ಸೂಚಿಸಿ ಅವರು ಬರೆಯುತ್ತಿದ್ದರು. ಆ ಪುಸ್ತಕ ಕೈಯಲ್ಲಿಲ್ಲದಿದ್ದರೂ ಫ್ರೀಡ್‌ಮನ್ನರು ಅಂಕಿಗಳ ಹಿಂದಿನ ಮಾತುಗಳನ್ನು ಬಿಡಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಮೊಕದ್ದಮೆಯಲ್ಲಿ ಸಾಕ್ಷಿಯನ್ನೂ ನುಡಿದರು. 1918ರಲ್ಲಿ ನಮ್ಮವರಲ್ಲಿ ಹಲವರಿಗೆ ಶಿಕ್ಷೆಯಾಯಿತು. ಇದನ್ನು ಓದಿದಾಗ ನನ್ನ ಮನಸ್ಸು ಕಹಿಯಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಅದರೊಡನೆ ಒಂದು ವಿಷಯವೂ ಹೊಳೆಯಿತು: ತಮ್ಮ ಲಿಪಿಯನ್ನು ಬಿಡಿಸುವುದು ಹೇಗೆಂಬುದನ್ನು ಅರಿಯದೆ ಅದನ್ನು ನಂಬಿದ್ದರಿಂದಲೇ ಅವರಿಗೆ ಕೇಡಾಯಿತು. ಬೀಗ ಮಾಡುವುದನ್ನು ಮಾತ್ರ ಹೇಳಿ, ಮುರಿಯುವುದನ್ನು ಹೇಳದ ಪುಸ್ತಕ ಅರ್ಧ ಪುಸ್ತಕ.

ಫ್ರೀಡ್‌ಮನ್ನರು ತಾವೇ ಬರೆದ ಪುಸ್ತಕಗಳ ರೀತಿ ಬೇರೆ. 1922ರಲ್ಲಿ ಅಚ್ಚಾದ ಅವರ ಒಂದು ಕಿರುಹೊತ್ತಗೆ ಅಕ್ಷರಗಳ ಹೊಂದಿಕೆಯನ್ನು ಎಣಿಸುವ ಕ್ರಮವನ್ನು ತಿಳಿಸುತ್ತದೆ. ಎರಡು ಇಂಗ್ಲಿಷ್ ಬರಹಗಳನ್ನು ಒಂದರ ಕೆಳಗೊಂದು ಇಟ್ಟರೆ, 100 ಜೋಡಿಗಳಲ್ಲಿ ಸುಮಾರು 6 ಅಥವಾ 7 ಕಡೆ ಮೇಲೂ ಕೆಳಗೂ ಒಂದೇ ಅಕ್ಷರ ಬೀಳುತ್ತದೆ. ಗೊತ್ತುಗುರಿಯಿಲ್ಲದೆ ಚೆಲ್ಲಿದ ಅಕ್ಷರಗಳಲ್ಲಾದರೆ ಸುಮಾರು 4 ಕಡೆ ಮಾತ್ರ. ಈ ಅಂತರವೇ ಗೂಢಲಿಪಿಯ ಒಳಗಿರುವ ಭಾಷೆಯನ್ನು ಹಿಡಿದುಕೊಡುತ್ತದೆ. ನಾನು ಒಂದು ಸಂಜೆ ಇಂಗ್ಲಿಷ್ ಪತ್ರಿಕೆಯ ಸಾಲುಗಳನ್ನು ಹೀಗೆ ಬರೆದು 300 ಜೋಡಿಗಳನ್ನು ಎಣಿಸಿದೆ. 21 ಕಡೆ ಹೊಂದಿಕೆಯಾಯಿತು. ಶತಮಾನದ ಹಿಂದಿನ ಮಾತು ನಮ್ಮ ಹಾಸ್ಟೆಲಿನ ಕೋಣೆಯಲ್ಲಿ ನಿಜವಾದುದನ್ನು ಕಂಡು ನನಗಾದ ಆನಂದ ಅಷ್ಟಿಷ್ಟಲ್ಲ.

1921ರಿಂದ ವಾಷಿಂಗ್ಟನ್ನಿನಲ್ಲಿ ಸೈನ್ಯದ ಕೆಲಸಕ್ಕೆ ನಿಂತ ಫ್ರೀಡ್‌ಮನ್ನರು, 1930ರಲ್ಲಿ ತರುಣ ಗಣಿತಜ್ಞರನ್ನು ಕೂಡಿಸಿಕೊಂಡು, ಪಾಠಗ್ರಂಥಗಳನ್ನು ತಾವೇ ಬರೆದು ಅವರನ್ನು ತಿದ್ದಿದರು. ಜಪಾನೀಯರ ಪರ್ಪಲ್ ಎಂಬ ಗೂಢಯಂತ್ರವನ್ನು ಕಣ್ಣಿನಿಂದ ನೋಡದೆಯೇ 1940ರಲ್ಲಿ ಈ ತಂಡ ಅದರ ಮರ್ಮವನ್ನು ಭೇದಿಸಿತು. ಆ ದುಡಿಮೆಯ ಭಾರಕ್ಕೆ ಕುಸಿದು ಫ್ರೀಡ್‌ಮನ್ನರು 1941ರ ಆರಂಭದಲ್ಲಿ ಆಸ್ಪತ್ರೆ ಸೇರಬೇಕಾಯಿತು.

ನಿವೃತ್ತರಾದ ಮೇಲೆ ದಂಪತಿಗಳು ತಮ್ಮ ಯೌವನದ ಶಂಕೆಗೆ ಮರಳಿದರು. ಷೇಕ್ಸ್‌ಪಿಯರನಲ್ಲಿ ಗೂಢಲಿಪಿಯನ್ನು ಕಂಡೆವೆಂದವರ ಪುಸ್ತಕಗಳನ್ನೆಲ್ಲ ಒರೆಗೆ ಹಚ್ಚಿ 1957ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರ ಒರೆಗಲ್ಲು ಸರಳ: ಕೊಟ್ಟ ನಿಯಮವನ್ನು ಹಿಡಿದು ಬೇರೊಬ್ಬನು ಹೊರಟರೆ ಅದೇ ಉತ್ತರಕ್ಕೆ ತಲಪಬೇಕು, ಉತ್ತರ ಒಂದೇ ಆಗಿರಬೇಕು. ಒಂದು ಪುಸ್ತಕವೂ ಈ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಸವೆದ ಮೊಳೆಗಳೂ ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯೂ ಗ್ಯಾಲಪ್‌ಳನ್ನು ದಾರಿತಪ್ಪಿಸಿದ್ದವು.

ಆದರೆ ಅದರ ಮರುವರ್ಷವೇ, 1958ರ ಡಿಸೆಂಬರಿನಲ್ಲಿ, ಸರ್ಕಾರದ ಅಧಿಕಾರಿಗಳು ಅವರ ಮನೆಗೆ ಬಂದು ಗೋಪ್ಯವೆಂಬ ನೆಪದಿಂದ ಅವರ ಹಳೆಯ ಕಾಗದಪತ್ರಗಳನ್ನು ಹೊತ್ತೊಯ್ದರು. ಇದರಿಂದ ಅವರು ಬಹಳ ನೊಂದರು. 1969ರಲ್ಲಿ ಕಾಲವಾದರು. ತಮ್ಮ ಗ್ರಂಥಸಂಗ್ರಹವನ್ನು ವರ್ಜೀನಿಯದ ಮಾರ್ಷಲ್ ಗ್ರಂಥಾಲಯಕ್ಕೆ ಬಿಟ್ಟುಹೋದರು. ಗೋಪ್ಯವೆನಿಸಿದ್ದ ಅವರ ಕಾಗದಪತ್ರಗಳಲ್ಲಿ ಐವತ್ತು ಸಾವಿರ ಪುಟಗಳಿಗೂ ಮಿಕ್ಕು 2015ರಲ್ಲಿ ಸಾರ್ವಜನಿಕರಿಗೆ ತೆರೆದವು.

ನಾನು ಹೊಸ ಪಟ್ಟಿಯನ್ನು ಮೂರು ಪ್ರಶ್ನೆಗಳಿಂದ ಮಾಡಿದೆ. ಇದರಲ್ಲಿ ಹೇಳಿದ್ದನ್ನು ನಾನೇ ಮಾಡಿ ನೋಡಬಹುದೆ? ಬೀಗ ಮುರಿಯುವ ಬಗೆಯನ್ನೂ ಇದು ತಿಳಿಸುತ್ತದೆಯೆ? ಇದರ ಯಂತ್ರಗಳು ಹಳತಾದ ಮೇಲೂ ಇದರ ತತ್ತ್ವ ಉಳಿಯುತ್ತದೆಯೆ? ಚರಿತ್ರೆಗೆಂದು ಡೇವಿಡ್ ಕಾಹ್ನರ 1967ರ ಬೃಹದ್ಗ್ರಂಥವನ್ನೂ, ಭದ್ರತೆಗೆಂದು ರಾಸ್ ಆಂಡರ್‌ಸನ್ನರ ಗ್ರಂಥದ 2020ರ ಮೂರನೆಯ ಆವೃತ್ತಿಯನ್ನೂ ಬರೆದೆ. ಉಪನ್ಯಾಸಕರು ಪಟ್ಟಿಯನ್ನು ಓದಿ ರುಜು ಹಾಕಿದರು. ನನ್ನ ಆ ದಪ್ಪ ಹೊತ್ತಗೆ ಈಗಲೂ ನನ್ನ ಮೇಜಿನ ಮೇಲಿದೆ. ಎಣಿಸುವ ಕಾಗದಗಳು ಗಾಳಿಗೆ ಹಾರದಂತೆ ಅದನ್ನು ಅವುಗಳ ಮೇಲೆ ಇಡುತ್ತೇನೆ.