ಕಾರಿಲ್ಲದ ಕಾಲದ ಅಲೆ ಸವಾರ: ರಾಜಕುಮಾರ ಕುಹಿಯೊ





ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಕೆಲವರಿಗೆ ಪರದೇಶದಲ್ಲಿ ಓದುವ ಆಸೆ ಚಿಗುರುತ್ತದೆ. ಇತಿಹಾಸದ ತರಗತಿ ಮುಗಿಸಿ ಹೊರಗೆ ಬರುವಾಗ ಅಂಥವರು ನನ್ನನ್ನು ನಿಲ್ಲಿಸಿ ಶುಲ್ಕ, ಊಟ, ವಸತಿಯ ಬಗ್ಗೆ ಕೇಳುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಅಲ್ಲಿ ಕಾರಿಲ್ಲದಿದ್ದರೆ ಎಲ್ಲಿಗೂ ಹೋಗಲಾಗದಂತೆ, ಸಮುದ್ರ, ಬೆಟ್ಟ, ಆಟೋಟ ಎಲ್ಲವೂ ಕಾರಿದ್ದವರಿಗೆ ಮಾತ್ರವಂತೆ, ಇದು ನಿಜವೇ ಎಂದು. ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ವಿದ್ಯಾರ್ಥಿಯ ಜೀವನ ಚರಿತ್ರೆಯನ್ನೇ ಹೇಳಬೇಕೆಂದು ನನಗೆ ಅನಿಸಿತು. ಆತ ಪರದೇಶದಲ್ಲಿ ಓದಿದ, ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ನಿಂತ, ಮುಂದೆ ತನ್ನ ಜನರಿಗಾಗಿ ಜೀವಮಾನವೆಲ್ಲ ದುಡಿದ. ಆತನ ಬಳಿ ಕಾರು ಇರಲಿಲ್ಲ. ಏಕೆಂದರೆ ಆಗಿನ್ನೂ ಕಾರ್ಲ್ ಬೆಂಜ್ ತನ್ನ ಮೋಟಾರು ವಾಹನಕ್ಕೆ ಪೇಟೆಂಟ್ ಅರ್ಜಿಯನ್ನೇ ಹಾಕಿರಲಿಲ್ಲ. ಅದು ನಡೆದದ್ದು 1886ರ ಜನವರಿಯಲ್ಲಿ. ನಾನು ಹೇಳುವ ಘಟನೆ ನಡೆದದ್ದು 1885ರ ಜುಲೈನಲ್ಲಿ.

ಆ ವಿದ್ಯಾರ್ಥಿಯ ಹೆಸರು ಜೋನಾ ಕುಹಿಯೊ ಕಲಾನಿಯಾನವೋಲೆ. ಹೆಸರು ಉದ್ದವಾಯಿತು, ಕುಹಿಯೊ ಎಂದರೆ ಸಾಕು. ಶಾಂತ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯಿಯಲ್ಲಿ 1871ರ ಮಾರ್ಚ್ 26ರಂದು ಅವರು ಹುಟ್ಟಿದರು. ಇಂದು ಅಮೆರಿಕದ ಒಂದು ರಾಜ್ಯವಾಗಿರುವ ಹವಾಯಿ ಆಗ ಸ್ವತಂತ್ರ ರಾಜ್ಯ. ಅದಕ್ಕೆ ತನ್ನದೇ ದೊರೆ, ತನ್ನದೇ ಧ್ವಜ ಇದ್ದವು. ಕುಹಿಯೊಗೆ ಡೇವಿಡ್, ಎಡ್ವರ್ಡ್ ಎಂಬ ಇಬ್ಬರು ಅಣ್ಣಂದಿರು. ಮೂವರೂ ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡರು. ತಾಯಿಯ ಅಕ್ಕ ಕಪಿಯೊಲಾನಿ ಹವಾಯಿಯ ರಾಣಿ. ದೊಡ್ಡಮ್ಮನೂ ಆಕೆಯ ಪತಿ, ದೊರೆ ಕಲಾಕಾವಾ ಅವರೂ ಈ ಹುಡುಗರನ್ನು ಸ್ವಂತ ಮಕ್ಕಳಂತೆ ಸಾಕಿದರು.

ಕಲಾಕಾವಾ ಲೋಕ ಕಂಡ ಮನುಷ್ಯ. 1881ರಲ್ಲಿ ಅವರು ಭೂಮಿಯನ್ನೇ ಸುತ್ತಿಬಂದರು. ಸಿಂಹಾಸನದಲ್ಲಿರುವಾಗಲೇ ಹಾಗೆ ಸುತ್ತಿದ ಮೊದಲ ದೊರೆ ಅವರೇ. ಆ ಪ್ರವಾಸದಲ್ಲಿ ನಮ್ಮ ಕಲಕತ್ತೆ, ಮುಂಬಯಿಗಳನ್ನೂ ಕಂಡರು. ದೊಡ್ಡ ದೇಶಗಳು ಸಣ್ಣ ದೇಶಗಳನ್ನು ಹೇಗೆ ನುಂಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಮುಂದೆ ಆಳಬೇಕಾದ ಮಕ್ಕಳು ಹೊರಗಿನ ವಿದ್ಯೆ ಕಲಿಯಲೇಬೇಕೆಂದು ನಿರ್ಧರಿಸಿ, ಮೂವರನ್ನೂ ಕ್ಯಾಲಿಫೋರ್ನಿಯಾದ ಸಾನ್ ಮಟೇಯೊ ಪಟ್ಟಣದಲ್ಲಿದ್ದ ಸೇಂಟ್ ಮ್ಯಾಥ್ಯೂಸ್ ಹಾಲ್ ಎಂಬ ಸೈನಿಕ ಶಿಸ್ತಿನ ಶಾಲೆಗೆ ಕಳಿಸಿದರು. 1885ರ ಜುಲೈನಲ್ಲಿ ಡೇವಿಡ್‌ಗೆ 17 ವರ್ಷ, ಎಡ್ವರ್ಡ್‌ಗೆ 16, ಕುಹಿಯೊಗೆ 14. ಇಬ್ಬರು ಅಣ್ಣಂದಿರು ನಿಮ್ಮದೇ ವಯಸ್ಸಿನವರು, ತಮ್ಮ ಇನ್ನೂ ಹೈಸ್ಕೂಲಿನ ಹುಡುಗ.

ಆ ಬೇಸಿಗೆಯಲ್ಲಿ ಮೂವರೂ ಸಾಂತಾ ಕ್ರೂಜ್ ಎಂಬ ಕಡಲತೀರದ ಊರಿಗೆ ಬಂದರು. ಶಾಲೆಯಿಂದ ಅದು 70 ಕಿ.ಮೀ. ಮೇಲ್ಪಟ್ಟ ದೂರ, ನಡುವೆ ಕಾಡು ತುಂಬಿದ ಬೆಟ್ಟಸಾಲು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋದ ಹಾಗೆ ಎಂದುಕೊಳ್ಳಿ. ಆ ಕಾಲದ ಪ್ರಯಾಣವೆಂದರೆ ರೈಲು, ಕುದುರೆಗಾಡಿ, ಇಲ್ಲವೆ ಕಾಲ್ನಡಿಗೆ. ಬೆಟ್ಟಗಳನ್ನು ಕೊರೆದು 1880ರಲ್ಲೇ ಸಾಂತಾ ಕ್ರೂಜ್‌ಗೆ ನ್ಯಾರೋ ಗೇಜ್ ರೈಲು ಬಂದಿತ್ತು. ನಮ್ಮ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆ ಕೇಳುತ್ತಲೇ ಬೆಳೆದ ನನಗೆ ಈ ವಿಷಯ ಓದಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸಾಂತಾ ಕ್ರೂಜ್‌ನಲ್ಲಿ ಆಂಟೊನೆಟ್ ಸ್ವಾನ್ ಎಂಬ ಹಿರಿಯ ಮಹಿಳೆ ಇದ್ದರು. ಅವರು ಹುಟ್ಟಿದ್ದು ಹೊನೊಲುಲುವಿನಲ್ಲಿ. ಪರಊರಿನಲ್ಲಿ ನಮ್ಮ ಕಡೆಯವರ ಮನೆಯೊಂದು ಸಿಕ್ಕರೆ ಹೇಗಿರುತ್ತದೆ ಎಂಬುದು ಹಾಸ್ಟೆಲಿನಲ್ಲಿರುವ ಹಾವೇರಿ, ಗದಗ, ಸವಣೂರು ಕಡೆಯ ಮಕ್ಕಳಿಗೆ ಹೇಳಬೇಕಿಲ್ಲ. ಆ ಮನೆ ಈ ಹುಡುಗರ ಆಸರೆಯಾಯಿತು.

ಊರಿನ ಅಂಚಿನಲ್ಲಿ ಸಾನ್ ಲೊರೆಂಜೊ ನದಿ ಸಮುದ್ರ ಸೇರುತ್ತದೆ. ನದಿ ತಂದು ಹಾಕಿದ ಮರಳು ದಿಬ್ಬದ ಮೇಲೆ ಅಲೆಗಳು ಏರಿ, ಸಾಲಾಗಿ ಮುರಿಯುತ್ತವೆ. ಹುಡುಗರು ಅದನ್ನು ನೋಡಿದ ಕೂಡಲೇ ಗುರುತಿಸಿದರು. ಹವಾಯಿಯಲ್ಲಿ ಅಲೆ ಸವಾರಿಗೆ ಹೆಎ ನಲು ಎಂದು ಹೆಸರು, ಅಲೆಯ ಮೇಲೆ ಜಾರುವುದು ಎಂದು ಅರ್ಥ. ದೊರೆಯಿಂದ ಮೀನುಗಾರನವರೆಗೆ, ಹೆಣ್ಣು ಗಂಡೆನ್ನದೆ ಎಲ್ಲರೂ ಆಡುತ್ತಿದ್ದ ಆಟವದು. ಆದರೆ ಇಲ್ಲಿ ಹಲಗೆ ಎಲ್ಲಿಂದ ತರುವುದು? ಸ್ವಂತ ಹಲಗೆ ಸಮುದ್ರದಾಚೆ 3,500 ಕಿ.ಮೀ.ಗೂ ದೂರದಲ್ಲಿ ಉಳಿದಿತ್ತು.

ಅವರು ಸ್ಥಳದಲ್ಲೇ ಇದ್ದದ್ದನ್ನು ಬಳಸಿದರು. ಸಾಂತಾ ಕ್ರೂಜ್ ಸುತ್ತಲಿನ ಬೆಟ್ಟಗಳಲ್ಲಿ ರೆಡ್‌ವುಡ್ ಎಂಬ ಮುಗಿಲೆತ್ತರದ ಮರಗಳು. ಊರಿನಲ್ಲಿ ಅವನ್ನು ಕೊಯ್ದು ಹಲಗೆ ಮಾಡುವ ಕಾರ್ಖಾನೆಗಳು. ತಮಗೆ ಬೇಕಾದ ಅಳತೆ ಹೇಳಿ, ತಮ್ಮ ನಾಡಿನ ಮಾದರಿಯಲ್ಲಿ ಉದ್ದನೆಯ ಹಲಗೆಗಳನ್ನು ಸಿದ್ಧಪಡಿಸಿಕೊಂಡರು. ಉದ್ದ ಸುಮಾರು 15 ಅಡಿಗೂ ಹೆಚ್ಚು, ಒಬ್ಬರೇ ಹೊತ್ತು ನಡೆಯುವುದು ಕಷ್ಟ ಎನ್ನುವಷ್ಟು ಭಾರ. ಇಂಥ ಹಲಗೆಯನ್ನು ಸಾಗಿಸುವ ಚಿಂತೆಯೇ ಅವರಿಗೆ ಬರಲಿಲ್ಲ, ಏಕೆಂದರೆ ಅದು ಹುಟ್ಟಿದ್ದೇ ಕಡಲ ಪಕ್ಕದಲ್ಲಿ. ಕಾರಿನ ಪ್ರಶ್ನೆ ಕೇಳುವ ಮಿತ್ರರು ಈ ಮಾತನ್ನು ಗಮನಿಸಬೇಕು.

ಜುಲೈ ತಿಂಗಳಾದರೂ ಆ ಕಡಲಿನ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಇಂದಿನ ಸವಾರರು ತೊಡುವ ರಬ್ಬರಿನ ಉಡುಪು ಆಗ ಇರಲಿಲ್ಲ. ಆದರೂ ಹುಡುಗರು ನೀರಿಗಿಳಿದರು, ಅಲೆ ಹಿಡಿದರು. ತೀರದಲ್ಲಿದ್ದವರು ಇಂಥದ್ದನ್ನು ಹಿಂದೆ ಕಂಡಿರಲಿಲ್ಲ. ಆ ತಿಂಗಳು ಸ್ಥಳೀಯ ಪತ್ರಿಕೆಯಲ್ಲಿ ಮೂವರು ಹವಾಯಿ ರಾಜಕುಮಾರರ ಅಲೆ ಸವಾರಿಯ ಸುದ್ದಿ ಬಂತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಸರ್ಫಿಂಗ್ ನಡೆದದ್ದಕ್ಕೆ ನಮಗೆ ಸಿಗುವ ಅತಿ ಹಳೆಯ ದಾಖಲೆ ಅದು. ಕ್ಯಾಲಿಫೋರ್ನಿಯಾದಲ್ಲಿ ಈ ಆಟವನ್ನು ಜನಪ್ರಿಯಗೊಳಿಸಿದ ಜಾರ್ಜ್ ಫ್ರೀತ್ ಅಲ್ಲಿಗೆ ಬಂದದ್ದು 22 ವರ್ಷಗಳ ನಂತರ, 1907ರಲ್ಲಿ. ಆ ರಾಜಕುಮಾರರದೆಂದು ಗುರುತಿಸಲಾದ ಎರಡು ರೆಡ್‌ವುಡ್ ಹಲಗೆಗಳು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿವೆ. 2015ರಲ್ಲಿ, 130 ವರ್ಷ ತುಂಬಿದ ನೆನಪಿಗೆ, ಅವನ್ನು ಸಾಂತಾ ಕ್ರೂಜ್‌ಗೆ ತಂದು ಪ್ರದರ್ಶನಕ್ಕಿಟ್ಟಿದ್ದರು.

ಇದು ಬರೀ ಮೋಜಿನ ಕಥೆ ಎಂದುಕೊಳ್ಳಬೇಡಿ. 1820ರ ನಂತರ ಹವಾಯಿಗೆ ಬಂದ ಹೊರಗಿನವರಲ್ಲಿ ಹಲವರಿಗೆ ಈ ಆಟ ಸೋಮಾರಿತನದಂತೆ, ಅಸಭ್ಯತೆಯಂತೆ ಕಂಡಿತ್ತು. ಹೊರಗಿನಿಂದ ಬಂದ ರೋಗಗಳಿಂದ ಜನಸಂಖ್ಯೆಯೂ ಕುಸಿದಿತ್ತು. 1890ರ ಗಣತಿಯ ಹೊತ್ತಿಗೆ ಮಿಶ್ರ ಸಂತತಿಯವರನ್ನು ಸೇರಿಸಿಯೂ ಮೂಲನಿವಾಸಿಗಳು ಸುಮಾರು 40,000 ಮಾತ್ರ. ಆಡುವವರೇ ಕಡಿಮೆಯಾದಾಗ ಆಟ ಉಳಿಯುವುದು ಹೇಗೆ? ಅಂಥ ಹೊತ್ತಿನಲ್ಲಿ ಪರನಾಡಿನ ಶಾಲೆಯ ಸಮವಸ್ತ್ರ ತೊಟ್ಟ ಮೂವರು ಹುಡುಗರು ತಮ್ಮದು ಕೀಳು ಎಂದು ನಾಚಿಕೊಳ್ಳದೆ, ಎಲ್ಲರ ಕಣ್ಣೆದುರು ಅದನ್ನು ಆಡಿ ತೋರಿಸಿದರು.

ಸಂತೋಷ ಬಹಳ ದಿನ ಉಳಿಯಲಿಲ್ಲ. 1887ರಲ್ಲಿ ಎಡ್ವರ್ಡ್ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ 18 ವರ್ಷ. ಅದೇ ವರ್ಷ ಶಸ್ತ್ರಬಲದ ಬೆದರಿಕೆ ಹಾಕಿ ದೊರೆ ಕಲಾಕಾವಾ ಅವರಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಳ್ಳಲಾಯಿತು. ಅಧಿಕಾರ ಸಕ್ಕರೆ ತೋಟಗಳ ಮಾಲೀಕರ ಮತ್ತು ಅವರ ಬೆಂಬಲಿಗರ ಕೈಗೆ ಜಾರಿತು.

ಉಳಿದ ಇಬ್ಬರು ಅಣ್ಣತಮ್ಮಂದಿರು ಮುಂದಿನ ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋದರು. 1890ರ ಸೆಪ್ಟೆಂಬರಿನಲ್ಲಿ ಯಾರ್ಕ್‌ಶೈರ್ ಕರಾವಳಿಯ ಬ್ರಿಡ್ಲಿಂಗ್ಟನ್ ಎಂಬ ಊರಿನಲ್ಲಿ ತಮ್ಮ ಶಿಕ್ಷಕ ಜಾನ್ ರೈಟ್‌ಸನ್ ಜೊತೆ ತಂಗಿದ್ದರು. ಅಲ್ಲಿಂದ ಕುಹಿಯೊ ಬರೆದ ಪತ್ರವೊಂದು ಉಳಿದಿದೆ. ಗಾಳಿ ಜೋರಾಗಿದೆ, ಕಡಲು ಉಕ್ಕಿದಷ್ಟೂ ನಮಗೆ ಖುಷಿ, ಅಲೆಯ ಮೇಲೆ ನಾವು ಸಾಗುವುದನ್ನು ಕಂಡು ಜನ ಬೆರಗಾಗುತ್ತಾರೆ, ಮೇಷ್ಟ್ರು ಕೂಡ ಕಲಿಯುತ್ತಿದ್ದಾರೆ ಎಂಬುದು ಅದರ ಸಾರಾಂಶ. ಕಲಿಸಲು ಬಂದ ಗುರು ಶಿಷ್ಯರಿಂದ ಕಲಿತ ಈ ಪ್ರಸಂಗ ಶಿಕ್ಷಕನಾದ ನನಗೆ ಬಹಳ ಹಿಡಿಸಿತು. ಬ್ರಿಟನ್ನಿನಲ್ಲಿ ಸರ್ಫಿಂಗ್ ನಡೆದದ್ದಕ್ಕೆ ಸಿಕ್ಕಿರುವ ಅತಿ ಹಳೆಯ ಪುರಾವೆಗಳಲ್ಲಿ ಈ ಪತ್ರವೂ ಒಂದು.

1891ರ ಜನವರಿಯಲ್ಲಿ ಕಲಾಕಾವಾ ತೀರಿಕೊಂಡರು. ಅವರ ತಂಗಿ ಲಿಲಿಯುವೊಕಲಾನಿ ರಾಣಿಯಾದರು. ಎರಡೇ ವರ್ಷಕ್ಕೆ, 1893ರ ಜನವರಿ 17ರಂದು, ವ್ಯಾಪಾರಿಗಳ ಒಂದು ಗುಂಪು ರಾಣಿಯನ್ನು ಪದಚ್ಯುತಗೊಳಿಸಿತು. ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರು ಆಗ ಊರಿನಲ್ಲೇ ಬೀಡುಬಿಟ್ಟಿದ್ದರು. ಕಿತ್ತೂರಿನ ಕಥೆ ಗೊತ್ತಿರುವ ನಮಗೆ ಇದು ಅಪರಿಚಿತ ಅನಿಸುವುದಿಲ್ಲ. 1895ರಲ್ಲಿ ರಾಣಿಯನ್ನು ಮತ್ತೆ ಪಟ್ಟಕ್ಕೆ ತರಲು ನಡೆದ ಬಂಡಾಯದಲ್ಲಿ ಕುಹಿಯೊ ಸೇರಿಕೊಂಡರು. ಬಂಡಾಯ ಸೋತಿತು, ಅವರಿಗೆ ಒಂದು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ಬಿಡುಗಡೆಯ ನಂತರ 1896ರಲ್ಲಿ ಎಲಿಜಬೆತ್ ಕಹಾನು ಎಂಬವರನ್ನು ಮದುವೆಯಾದರು. 1898ರಲ್ಲಿ ಅಮೆರಿಕವು ಹವಾಯಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮನನೊಂದ ಕುಹಿಯೊ ಪತ್ನಿಯೊಂದಿಗೆ ದೇಶ ಬಿಟ್ಟು ತಿರುಗಿದರು, ಆಫ್ರಿಕಾದಲ್ಲಿ ಬೋಯರ್ ಯುದ್ಧದ ಕಾಲಕ್ಕೆ ಬ್ರಿಟಿಷ್ ಸೇನೆಯಲ್ಲೂ ಸೇವೆ ಮಾಡಿದರು. ಸಾಮ್ರಾಜ್ಯವೊಂದಕ್ಕೆ ರಾಜ್ಯ ಕಳೆದುಕೊಂಡವರು ಇನ್ನೊಂದು ಸಾಮ್ರಾಜ್ಯದ ಸೇನೆ ಸೇರಿದ್ದು ನನಗೆ ಸುಲಭವಾಗಿ ಒಪ್ಪಿಗೆಯಾಗುವ ಸಂಗತಿಯಲ್ಲ. ಆದರೆ ಚರಿತ್ರೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಸಿಂಹಾಸನವಿಲ್ಲ, ಸೈನ್ಯವಿಲ್ಲ. ಊರಿಗೆ ಮರಳಿದ ಕುಹಿಯೊ ಉಳಿದಿದ್ದ ಒಂದೇ ದಾರಿ ಹಿಡಿದರು, ಅದು ಚುನಾವಣೆ. 1902ರಲ್ಲಿ ಗೆದ್ದು, 1903ರಿಂದ ಅಮೆರಿಕದ ಸಂಸತ್ತಿನಲ್ಲಿ ಹವಾಯಿಯ ಪ್ರತಿನಿಧಿಯಾದರು. ಆ ಸ್ಥಾನದಲ್ಲಿದ್ದವರಿಗೆ ಸಭೆಯಲ್ಲಿ ಮಾತನಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ತಮ್ಮ ರಾಜ್ಯವನ್ನು ಕಿತ್ತುಕೊಂಡವರ ಪಕ್ಷವನ್ನೇ ಸೇರಿದರೆಂದು ಸ್ವಂತ ಜನರಲ್ಲೇ ಕೆಲವರು ಬೈದರು. ಆದರೂ ಸತತವಾಗಿ ಗೆಲ್ಲುತ್ತ, ಸಾಯುವವರೆಗೂ ಸುಮಾರು 19 ವರ್ಷ ಆ ಸ್ಥಾನದಲ್ಲಿದ್ದರು. ಒಂದು ಮತವೂ ಇಲ್ಲದ ಮನುಷ್ಯ ಮತವಿದ್ದವರನ್ನು ಒಬ್ಬೊಬ್ಬರಾಗಿ ಒಪ್ಪಿಸುತ್ತ ಹೋಗಬೇಕಾಯಿತು.

ಅವರ ದೊಡ್ಡ ಕೆಲಸ 1921ರ ಹವಾಯಿ ವಸತಿ ಭೂಮಿ ಕಾಯ್ದೆ. ನೆಲೆ ಕಳೆದುಕೊಂಡ ಮೂಲನಿವಾಸಿಗಳಿಗಾಗಿ ಸುಮಾರು 2 ಲಕ್ಷ ಎಕರೆ ಭೂಮಿಯನ್ನು ತೆಗೆದಿರಿಸಲಾಯಿತು. ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ 99 ವರ್ಷಗಳ ಗುತ್ತಿಗೆ ಕೊಡುವ ವ್ಯವಸ್ಥೆ ಅದು. ಕಾಯ್ದೆ ಕುಹಿಯೊ ಬಯಸಿದ ಹಾಗೆಯೇ ಬರಲಿಲ್ಲ. ಒಳ್ಳೆಯ ನೆಲ ಸಕ್ಕರೆ ತೋಟಗಳ ಪಾಲಿಗೇ ಉಳಿಯಿತು, ಅರ್ಧದಷ್ಟಾದರೂ ಮೂಲನಿವಾಸಿ ರಕ್ತವಿರಬೇಕೆಂಬ ಷರತ್ತು ಅನೇಕರನ್ನು ಹೊರಗಿಟ್ಟಿತು. ಅದರ ಬಗ್ಗೆ ಇಂದಿಗೂ ವಾದವಿದೆ. ಆದರೂ ಆ ಭೂಮಿಯ ಮೇಲೆ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳಿವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಜನರ ನೆಲವನ್ನು ಅವರು ತಮ್ಮ ಬಳಿ ಇದ್ದ ಅಮಾನತ್ ಎಂದು ತಿಳಿದಿದ್ದರು.

ಇನ್ನೊಂದು ಕೆಲಸ ಸಣ್ಣದು, ಆದರೆ ನನಗೆ ಅದೇ ಹೆಚ್ಚು ಪ್ರಿಯ. ವೈಕಿಕಿ ಕಡಲತೀರದಲ್ಲಿ ಅವರ ಮನೆಯಿತ್ತು. 1918ರಲ್ಲಿ ಅವರು ಮನೆಯ ಸುತ್ತಲಿನ ಎತ್ತರದ ಹಲಗೆಯ ಬೇಲಿಯನ್ನು ಕಿತ್ತು, ಆ ತೀರವನ್ನು ಜನರಿಗೆ ತೆರೆದರು. 1922ರ ಜನವರಿ 7ರಂದು, 50 ವರ್ಷ ವಯಸ್ಸಿನಲ್ಲಿ, ಅದೇ ವೈಕಿಕಿಯಲ್ಲಿ ತೀರಿಕೊಂಡರು. ಇಂದು ಆ ತೀರಕ್ಕೆ ಅವರದೇ ಹೆಸರಿದೆ, ಯಾರು ಬೇಕಾದರೂ ಅಲ್ಲಿ ನೀರಿಗಿಳಿಯಬಹುದು. ಮಾರ್ಚ್ 26 ಹವಾಯಿಯಲ್ಲಿ ಸಾರ್ವಜನಿಕ ರಜೆ. ನಾವು ಪಿಯು ಪರೀಕ್ಷೆಯ ಗಡಿಬಿಡಿಯಲ್ಲಿರುವ ತಿಂಗಳಲ್ಲೇ ಅಲ್ಲಿನ ಮಕ್ಕಳು ಆ ದಿನ ಮನೆಯಲ್ಲಿರುತ್ತಾರೆ.

ಅವರು ಆಡಿದ ಆಟ 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಸೇರಿತು. ನಮ್ಮ ರಾಜ್ಯದಲ್ಲೂ ಮಂಗಳೂರು ಬಳಿಯ ಮುಲ್ಕಿ, ಸಸಿಹಿತ್ಲು ತೀರಗಳಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ, ಸ್ಪರ್ಧೆಗಳೂ ನಡೆಯುತ್ತವೆ. ಮೀನುಗಾರರ ಮಕ್ಕಳು ಅಲ್ಲಿ ಚೆನ್ನಾಗಿ ಆಡುತ್ತಾರೆ. ಮಕ್ಕಳಿಗೆ ಈಜು, ಬಿಲ್ಲುವಿದ್ಯೆ, ಕುದುರೆ ಸವಾರಿ ಕಲಿಸಬೇಕೆಂಬ ಮಾತನ್ನು ನಮ್ಮ ಮನೆಗಳ ಹಿರಿಯರಿಂದ ನೀವೂ ಕೇಳಿರುತ್ತೀರಿ. ಅದರಲ್ಲಿ ಮೊದಲನೆಯದನ್ನಾದರೂ ಈ ರಜೆಯಲ್ಲಿ ಬಲ್ಲವರ ಬಳಿ ಕಲಿಯಿರಿ. ಈಜು ಬಾರದೆ ಕಾರವಾರ, ಗೋಕರ್ಣಗಳಲ್ಲಿ ಸ್ನೇಹಿತರ ಒತ್ತಾಯಕ್ಕೆ ಕಡಲಿಗಿಳಿಯಬೇಡಿ. ಕುಹಿಯೊ ಅಲೆಯನ್ನು ಹಿಡಿದದ್ದು ಧೈರ್ಯದಿಂದಷ್ಟೇ ಅಲ್ಲ, ಬಾಲ್ಯದಿಂದ ನೀರು ಗೊತ್ತಿದ್ದರಿಂದ.

ಇನ್ನು ಕಾರಿನ ಪ್ರಶ್ನೆ. ನಾಳೆ ನೀವು ಬೆಂಗಳೂರಿಗೆ ಹೋಗಿ, ದುಬೈಗೆ ಹೋಗಿ, ಅಮೆರಿಕಕ್ಕೆ ಹೋಗಿ, ಮೊದಲ ವರ್ಷ ನಿಮ್ಮ ಬಳಿ ವಾಹನ ಇರುವುದಿಲ್ಲ. ರೈಲು ಬಸ್ಸುಗಳ ವೇಳಾಪಟ್ಟಿ ತಿಳಿದುಕೊಳ್ಳಿ, ನಮ್ಮ ಕಡೆಯವರ ಒಂದು ಮನೆ ಹುಡುಕಿಕೊಳ್ಳಿ, ಬೇಕಾದ ಸಾಮಾನು ಆ ಊರಿನಲ್ಲೇ ಸಿಗುವುದೇ ನೋಡಿ. ಮೂವರು ಹುಡುಗರು 1885ರಲ್ಲಿ ಮಾಡಿದ್ದು ಇಷ್ಟೇ. ನಿಮ್ಮ ಭಾಷೆ, ನಿಮ್ಮ ಆಟ, ನಿಮ್ಮ ಮನೆಯ ನಡೆನುಡಿ ಮಾತ್ರ ಅಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕು.